ಹೆಬ್ಬಳ್ಳಿ ದಾರ್‍ಯಾಗ ನೋಡೂದೇನೈತಿ?

ಮಳೆಗಾಲದ ಭಾನುವಾರ ಹುಬ್ಬಳ್ಳಿ–ಧಾರವಾಡದ ಕಾರುಗಳು ಯಾವ ಕಡೆಗೆ ಹೊರಟಿರುತ್ತವೆ ಎಂದು ಯಾರನ್ನೂ ಕೇಳಬೇಕಿಲ್ಲ. ಕಲಘಟಗಿ ದಾಟಿ ಯಲ್ಲಾಪುರ, ಮಾಗೋಡು, ಸಾತೊಡ್ಡಿ. ಇಲ್ಲವೇ ಹಳಿಯಾಳ ದಾಟಿ ದಾಂಡೇಲಿ. ಎಲ್ಲರ ಮುಖವೂ ಪಡುವಣಕ್ಕೆ. ಮೂಡಣಕ್ಕೆ ಹೋಗುವವರು ಕೆಲಸವಿದ್ದವರು ಮಾತ್ರ. ಹೊಲಕ್ಕೆ, ಸಂತೆಗೆ, ಬೀಗರ ಮನೆಗೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ. ಧಾರವಾಡದಿಂದ ಸುಮಾರು 13 ಕಿ.ಮೀ. ಪೂರ್ವಕ್ಕಿರುವ ಹೆಬ್ಬಳ್ಳಿಗೆ ‘ಹಂಗೇ ಸೀನರಿ ನೋಡಿಕೊಂಡು ಬರ್ತೀನಿ’ ಎಂದು ಯಾರಾದರೂ ಹೊರಟರೆ ಮನೆಯವರು ಹಣೆ ಮುಟ್ಟಿ ಜ್ವರ ನೋಡಿಯಾರು.

ನನ್ನ ತಕರಾರು ಇಲ್ಲಿದೆ. ಓಡುವ ವಾಹನದಲ್ಲಿ ಕೂತು ನೋಡುವುದಾದರೆ ಕಾಡಿಗಿಂತ ಬಯಲೇ ಚೆನ್ನ. ಕಾಡು ನಿಂತು ನೋಡುವಂಥದ್ದು; ಬಯಲು ಓಡುತ್ತ ನೋಡುವಂಥದ್ದು. ನಾವು ಮಾಡುತ್ತಿರುವುದು ತಿರುವುಮುರುವು. ಕಾಡಿನ ನಡುವೆ ಎಂಬತ್ತರಲ್ಲಿ ಓಡಿಸುತ್ತೇವೆ, ಬಯಲು ಬಂದರೆ ಕಣ್ಣು ಮುಚ್ಚುತ್ತೇವೆ ಇಲ್ಲವೇ ಮೊಬೈಲು ತೆರೆಯುತ್ತೇವೆ. ಇದು ಬರೀ ರುಚಿಯ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಕಣ್ಣಿನ ಲೆಕ್ಕವೂ ಇದನ್ನೇ ಹೇಳುತ್ತದೆ.

ಬಸ್ಸಿನ ಕಿಟಕಿಯಿಂದ ಹೊರಗೆ ನೋಡುವವರ ಕಣ್ಣುಗುಡ್ಡೆಯನ್ನು ಒಮ್ಮೆ ಗಮನಿಸಿ. ಅದು ಸುಮ್ಮನಿರುವುದಿಲ್ಲ. ಒಂದು ಮರವನ್ನು ಹಿಡಿದು ಅದರ ಜೊತೆಗೆ ಹಿಂದಕ್ಕೆ ಸರಿಯುತ್ತದೆ, ಮರ ಕೈತಪ್ಪಿದೊಡನೆ ಫಕ್ಕನೆ ಮುಂದಕ್ಕೆ ಜಿಗಿದು ಇನ್ನೊಂದನ್ನು ಹಿಡಿಯುತ್ತದೆ. ನೋಡುತ್ತಿರುವವರಿಗೆ ಇದು ಗೊತ್ತೇ ಆಗುವುದಿಲ್ಲ, ಎದುರಿಗೆ ಕೂತವರಿಗೆ ಕಾಣುತ್ತದೆ. ಹೀಗೆ ಹಿಡಿದು ಹಿಂಬಾಲಿಸುವುದಕ್ಕೂ ಒಂದು ಮಿತಿ ಇದೆ. ಸೆಕೆಂಡಿಗೆ ಸುಮಾರು 30 ಡಿಗ್ರಿ ತಿರುಗುವವರೆಗೆ ಕಣ್ಣು ಸಲೀಸಾಗಿ ಹಿಂಬಾಲಿಸುತ್ತದೆ. ಅದಕ್ಕಿಂತ ಜೋರಾದರೆ ತಡವರಿಸುತ್ತದೆ, ವಸ್ತು ಕಲಸಿಹೋಗುತ್ತದೆ. ಗಂಟೆಗೆ 60 ಕಿ.ಮೀ. ಓಡುವ ಬಸ್ಸು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ದಾಟುತ್ತದೆ. ಲೆಕ್ಕ ಹಾಕಿದರೆ ರಸ್ತೆಯಿಂದ 30 ಮೀಟರ್ ಒಳಗೆ ಇರುವುದೆಲ್ಲ ಆ ಮಿತಿಯನ್ನು ಮೀರುತ್ತದೆ. ನೂರರ ವೇಗದ ಕಾರಿಗೆ ಆ ಪಟ್ಟಿ 50 ಮೀಟರ್ ದಾಟುತ್ತದೆ. ಚಕ್ಕಡಿಯಲ್ಲಿ ಹೋಗುವವನಿಗೆ ಅದು ಎರಡು ಮೀಟರ್ ಅಷ್ಟೇ, ಅಂದರೆ ಅವನು ಬದುವಿನ ಮೇಲಿನ ಹುಲ್ಲಿನ ಹೂವನ್ನೂ ನೋಡುತ್ತಾನೆ.

ಈಗ ಎರಡು ದಾರಿ ಹೋಲಿಸಿ. ಕಿರವತ್ತಿ ದಾಟಿದ ಮೇಲೆ ಸಾಗವಾನಿ ಕಾಡು ರಸ್ತೆಯ ಅಂಚಿಗೇ ಬಂದು ನಿಲ್ಲುತ್ತದೆ. ಮೊದಲ ಸಾಲಿನ ಮರಗಳಾಚೆ ನೋಟ ಹರಿಯುವುದೇ ಇಲ್ಲ. ಇರುವುದೆಲ್ಲ ಆ 30 ಮೀಟರಿನೊಳಗೆ. ಹೀಗಾಗಿ ಅರವತ್ತರಲ್ಲಿ ಹೋಗುವವನಿಗೆ ಕಾಣುವುದು ಹಸಿರು ಬಳಿದ ಒಂದು ಗೋಡೆ. ಮರವಲ್ಲ, ಹೂವಲ್ಲ, ಹಕ್ಕಿಯಂತೂ ಅಲ್ಲವೇ ಅಲ್ಲ. ಹೆಬ್ಬಳ್ಳಿ ಕಡೆಯ ಬಯಲಿನಲ್ಲಿ ಅಷ್ಟೇ ಪಟ್ಟಿ ಅಳಿಸಿಹೋದರೂ ಉಳಿಯುವುದು ಕಿಲೋಮೀಟರುಗಟ್ಟಲೆ. ಒಂದು ಕಿ.ಮೀ. ದೂರದ ಬೇವಿನ ಮರ ಅದೇ ವೇಗದಲ್ಲಿ ಸೆಕೆಂಡಿಗೆ ಒಂದೇ ಡಿಗ್ರಿಯಷ್ಟು ಸರಿಯುತ್ತದೆ. ಅದನ್ನು ನೋಡಿ, ಬಿಟ್ಟು, ಮತ್ತೆ ನೋಡಿ, ಅದರ ಕೆಳಗೆ ಕೂತವರು ಬುತ್ತಿ ಬಿಚ್ಚಿದ್ದಾರೋ ಇಲ್ಲವೋ ಎಂದು ಲೆಕ್ಕ ಹಾಕುವಷ್ಟು ಸಮಯ ಸಿಗುತ್ತದೆ.

ಬಯಲಿನಲ್ಲಿ ಕಣ್ಣಿಗೆ ಇನ್ನೊಂದು ಆಟವೂ ಸಿಗುತ್ತದೆ. ನಡುವಿನ ದೂರದಲ್ಲಿರುವ ಒಂದು ಬಣವಿಯ ಮೇಲೆ ದೃಷ್ಟಿ ನೆಟ್ಟರೆ ಅದಕ್ಕಿಂತ ಹತ್ತಿರದ್ದೆಲ್ಲ ಹಿಂದಕ್ಕೆ ಓಡುತ್ತದೆ, ಅದರಾಚೆಯದು ನಮ್ಮ ಜೊತೆಗೇ ಮುಂದಕ್ಕೆ ಬರುತ್ತದೆ. ಇಡೀ ಸೀಮೆಯೇ ಆ ಬಣವಿಯ ಸುತ್ತ ನಿಧಾನಕ್ಕೆ ತಿರುಗುತ್ತಿರುವಂತೆ ಕಾಣುತ್ತದೆ. ಇನ್ನು ಬಿತ್ತಿದ ಹೊಲ ರಸ್ತೆಗೆ ಅಡ್ಡವಾಗಿದ್ದರಂತೂ ಕುಂಟಿ ಹೊಡೆದ ಸಾಲುಗಳು ಒಂದೊಂದಾಗಿ ಬೀಸಣಿಗೆಯಂತೆ ತೆರೆದು ಮುಚ್ಚುತ್ತ ಹೋಗುತ್ತವೆ. ಒಂದು ಕ್ಷಣ ಸಾಲಿನ ಕೊನೆಯವರೆಗೆ ನೇರ ನೋಟ, ಮರುಕ್ಷಣ ಬರೀ ಎಲೆ. ನಿಂತು ನೋಡಿದರೆ ಇದು ಕಾಣುವುದಿಲ್ಲ, ನಡೆಯುವಾಗಲೂ ಅಷ್ಟಾಗಿ ಕಾಣುವುದಿಲ್ಲ. ಇದು ವಾಹನವೇ ತಂದುಕೊಟ್ಟ ನೋಟ.

ಅದಕ್ಕೂ ಸರಿಯಾದ ವಾಹನ ಬೇಕು. ಹಿಂಗಾರಿಯ ಬಿಳಿಜೋಳ ಆಳೆತ್ತರ ಬೆಳೆಯುತ್ತದೆ. ಕಾರಿನಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ಜನವರಿಯಲ್ಲಿ ಜೋಳದ ನಡುವೆ ಹೋದರೆ ಕಾರಿನವರಿಗೆ ಎರಡೂ ಕಡೆ ದಂಟಿನ ಗೋಡೆ. ಸಾರಿಗೆ ಸಂಸ್ಥೆಯ ಕೆಂಪು ಬಸ್ಸಿನ ಸೀಟಿನಲ್ಲಿ ಕೂತವರ ಕಣ್ಣು ಎರಡು ಮೀಟರ್ ದಾಟಿರುತ್ತದೆ. ತೆನೆಗಳು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ, ಅವುಗಳ ಮೇಲಿಂದ ನೋಟ ಹಾಯ್ದು ಹೋಗುತ್ತದೆ. ಭೂಮಿ ದುಂಡಗಿರುವುದರಿಂದ ದಿಗಂತ ಎಷ್ಟು ದೂರ ಎನ್ನುವುದು ಕಣ್ಣಿನ ಎತ್ತರದ ಮೇಲೆ ನಿಂತಿದೆ. ಸಮತಟ್ಟು ನೆಲದಲ್ಲಿ ಕಾರಿನವರಿಗೆ ದಿಗಂತ ನಾಲ್ಕು ಕಿ.ಮೀ. ಆಸುಪಾಸು, ಬಸ್ಸಿನವರಿಗೆ ಐದೂವರೆ. ಲಕ್ಷಗಟ್ಟಲೆ ಕೊಟ್ಟು ಕಾರು ಕೊಂಡವರಿಗಿಂತ ಟಿಕೆಟ್ ತೆಗೆದವರಿಗೆ ಹೆಚ್ಚು ಕಾಣುತ್ತದೆ. ಹಳ್ಳಿ ರೂಟಿನ ಬಸ್ಸಿನ ವೇಗವೂ ಹದವಾದದ್ದೇ. ನಿಲ್ದಾಣಕ್ಕೊಮ್ಮೆ, ಕೈ ಮಾಡಿದಲ್ಲೊಮ್ಮೆ ನಿಂತು ಸಾಗುವಾಗ ಆ ಅಳಿಸುವ ಪಟ್ಟಿ ತಾನಾಗಿಯೇ ಕಿರಿದಾಗುತ್ತದೆ.

ಇಷ್ಟೆಲ್ಲ ಹೇಳಿದರೂ ಕೆಲವರ ಪ್ರಶ್ನೆ ಅಲ್ಲೇ ನಿಲ್ಲುತ್ತದೆ: ‘ಆದರೂ ಅಲ್ಲಿ ನೋಡೂದೇನೈತಿ, ಬರೇ ಎರಿ ಹೊಲ.’ ಹೆಬ್ಬಳ್ಳಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಒಬ್ಬ ಹಿರಿಯ ಹೆಣ್ಣುಮಗಳು ನನಗೂ ಇದನ್ನೇ ಕೇಳಿದ್ದರು. ‘ಏನ್ ಅಷ್ಟ್ ಹೊರಗ ನೋಡಾಕತ್ತಿ ತಮ್ಮಾ?’ ‘ಹಂಗೇ ಹೊಲ ನೋಡಾಕತ್ತೀನ್ರಿ ಯವ್ವಾ’ ಎಂದೆ. ಆಕೆ ನಕ್ಕರು. ಆಮೇಲೆ ನನ್ನ ಮೇಲಿಂದ ಬಾಗಿ ತಾವೇ ನೋಡತೊಡಗಿದರು. ‘ಅಕಾ ಆ ಪಟ್ಟಿ ನೋಡು, ಬಿತ್ತಾಕ ತಡಾ ಮಾಡ್ಯಾರ. ಇದರಾಗ ಕಡ್ಲಿ ಛಲೋ ಎದ್ದೈತಿ. ಈ ಬದು ಹೋದ ಸಲದ ಮಳಿಗೆ ಒಡದಿತ್ತು, ಇನ್ನೂ ಕಟ್ಟಿಲ್ಲ ನೋಡು.’ ಸ್ವಲ್ಪ ಹೊತ್ತಿಗೆ ಯಾರ ಹೊಲ ಯಾರಿಗೆ ಲಾವಣಿಗೆ ಹೋಗಿದೆ, ಯಾರು ಹೊಸದಾಗಿ ಬೋರು ಹಾಕಿಸಿದ್ದಾರೆ, ಯಾವ ಮನೆಯ ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ ಎನ್ನುವುದೆಲ್ಲ ಬಂತು. ಬೇರೆಯಾದದ್ದು ಹೇಗೆ ಗೊತ್ತಾಯಿತು ಎಂದರೆ, ಒಂದೇ ಹೊಲದಲ್ಲಿ ಈ ಸಲ ಎರಡು ಬಣವಿ ಎದ್ದಿದ್ದವು. ನನಗೆ ಬರೀ ಬಣ್ಣವಾಗಿದ್ದದ್ದು ಆಕೆಗೆ ಸುದ್ದಿಯಾಗಿತ್ತು. ಆ ಬಸ್ಸಿನಲ್ಲಿ ಕಿಟಕಿಯಾಚೆ ನೋಡದೆ ಕೂತವರು ಕಡಿಮೆ. ಅದನ್ನು ಸೀನರಿ ನೋಡುವುದು ಎಂದು ಅವರು ಕರೆಯುವುದಿಲ್ಲ, ಅಷ್ಟೇ.

ಈ ಸೀಮೆಯನ್ನು ಹೀಗೆ ಓದುವುದಕ್ಕೆ ಸ್ವಲ್ಪ ನೀರಿನ ಲೆಕ್ಕ, ಸ್ವಲ್ಪ ಮಣ್ಣಿನ ಲೆಕ್ಕ ಗೊತ್ತಿದ್ದರೆ ಸಾಕು. ಧಾರವಾಡ ಕೂತಿರುವುದು ಒಂದು ಏರಿನ ಮೇಲೆ. ಊರಿನ ದಕ್ಷಿಣಕ್ಕೆ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲಾ ಪಡುವಣಕ್ಕೆ ಹರಿದು ಬೇಡ್ತಿಯನ್ನು ಸೇರುತ್ತದೆ. ಅದೇ ನೀರು ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಮೂಡಣ ಮಗ್ಗುಲಿಗೆ ಬಿದ್ದ ಮಳೆ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಪಾಲಾಗಿ ಮಲಪ್ರಭೆಗೆ ಹೋಗಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಯವರೆಗೆ ನಡೆಯುತ್ತದೆ. ಒಂದೇ ಊರಿನ ಎರಡು ಓಣಿಗಳ ನೀರು ಎರಡು ಸಮುದ್ರಕ್ಕೆ. ಮಳೆಯೂ ಇಲ್ಲಿಯೇ ಕೈ ಬಿಗಿ ಹಿಡಿಯುತ್ತದೆ. ಸಮುದ್ರದಿಂದ ಬಂದ ತೇವದ ಗಾಳಿ ಘಟ್ಟ ಏರುವಾಗ ತಣಿದು ಸುರಿದು, ಇತ್ತ ಇಳಿಯುವ ಹೊತ್ತಿಗೆ ಹಗುರಾಗಿರುತ್ತದೆ. ಯಲ್ಲಾಪುರದಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಬೀಳುವ ಮಳೆ ಧಾರವಾಡಕ್ಕೆ ಬರುವಷ್ಟರಲ್ಲಿ 800ರ ಆಸುಪಾಸು, ನವಲಗುಂದಕ್ಕೆ 600ರ ಆಸುಪಾಸು. ಈ ಇಳಿತವನ್ನು ರಸ್ತೆಯಲ್ಲೇ ನೋಡಬೇಕೆಂದರೆ ರಾಷ್ಟ್ರೀಯ ಹೆದ್ದಾರಿ 52 ಸಾಕು. ನರಗುಂದ, ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅಂಕೋಲಾ: ಎರೆನೆಲದಿಂದ ಉಪ್ಪುನೀರಿನವರೆಗೆ ಒಂದೇ ನಂಬರಿನ ರಸ್ತೆ, ಅರ್ಧ ದಿನದ ಹಾದಿ. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ಬೇರೆ ಬೇರೆ ನೆಲ ದಾಟುವ ರಸ್ತೆ ರಾಜ್ಯದಲ್ಲಿ ಹೆಚ್ಚಿಲ್ಲ.

ಧಾರವಾಡದ ಏರು ಇಳಿದು ಹೆಬ್ಬಳ್ಳಿ ಕಡೆಗೆ ಹೋಗುವಾಗ ಕೆಂಪು ಮಸಾರಿ ಹಿಂದೆ ಬಿದ್ದು ಎರೆ ಶುರುವಾಗುತ್ತದೆ. ಎರೆಯ ಜೇಡಿಗೆ ನೀರು ಕುಡಿದು ಉಬ್ಬುವ, ಒಣಗಿ ಬಿರಿಯುವ ಗುಣ. ಏಪ್ರಿಲ್‌ನಲ್ಲಿ ಬಿರುಕಿನೊಳಗೆ ಕೈ ಇಳಿಯುತ್ತದೆ. ಮಳೆಗಾಲದಲ್ಲಿ ಅದೇ ಹೊಲ ಎತ್ತಿನ ಕಾಲು ಹಿಡಿದು ಬಿಡುವುದಿಲ್ಲ. ಇಲ್ಲಿ ರಸ್ತೆ ಮಾಡುವವರಿಗೆ ಈ ಮಣ್ಣು ದೊಡ್ಡ ತಲೆಬೇನೆ. ಗರಸು ತಂದು ಸುರಿದು ಏರಿ ಕಟ್ಟಿದರೂ ಕೆಳಗಿನ ಎರೆ ಉಬ್ಬಿ ತಗ್ಗಿ ಡಾಂಬರನ್ನು ಅಲೆಯಾಗಿಸುತ್ತದೆ. ಬಸ್ಸಿನ ಹಿಂದಿನ ಸೀಟಿನವರು ಅದನ್ನು ಸೊಂಟದಿಂದಲೇ ಬಲ್ಲರು. ಆದರೆ ಅದೇ ಏರಿಯಿಂದಾಗಿ ರಸ್ತೆ ಹೊಲಕ್ಕಿಂತ ಒಂದಿಷ್ಟು ಎತ್ತರದಲ್ಲಿರುತ್ತದೆ, ನೋಡುವವರಿಗೆ ಅದೂ ಒಂದು ಲಾಭ.

ನೀರು ಹಿಡಿದಿಡುವ ಈ ಗುಣದಿಂದಲೇ ಬಯಲಿನ ಪಂಚಾಂಗ ಕಾಡಿನದಕ್ಕಿಂತ ಬೇರೆ. ಮುಂಗಾರಿಯಲ್ಲಿ ಹೆಸರು, ಶೇಂಗಾ, ಗೋವಿನಜೋಳ, ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಬರುತ್ತವೆ, ನಿಜ. ಆದರೆ ಎರೆಯ ಬೆಡಗು ಹಿಂಗಾರಿಯದ್ದು. ಸೆಪ್ಟೆಂಬರ್–ಅಕ್ಟೋಬರಿನ ಮಳೆಯನ್ನು ಕುಡಿದು ಕೂತ ನೆಲ, ಆಮೇಲೆ ಒಂದು ಹನಿ ಬೀಳದಿದ್ದರೂ ಜೋಳ, ಕಡಲೆ, ಗೋದಿ, ಕುಸುಬೆಗಳನ್ನು ಮೂರು ನಾಲ್ಕು ತಿಂಗಳು ಸಾಕುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಹೊತ್ತಿಗೆ ಬಯಲು ಕಪ್ಪಲ್ಲ, ಹಸಿರು. ಜನವರಿ ಕಳೆಯುವಷ್ಟರಲ್ಲಿ ಜೋಳ ತೆನೆ ಬಿಟ್ಟಿರುತ್ತದೆ. ಜೋಳದ ಅಂಚಿಗೆ ಹಾಕಿದ ಕುಸುಬೆಯ ಸಾಲು ಹಳದಿ–ಕೇಸರಿ ಹೂವಿಗೆ ಬಂದು, ಹೊಲದ ಗಡಿ ಎಲ್ಲಿದೆ ಎಂದು ಒಂದು ಕಿ.ಮೀ. ದೂರದಿಂದಲೇ ತೋರಿಸುತ್ತದೆ. ಆ ಸಾಲು ಅಲ್ಲಿರುವುದು ಚಂದಕ್ಕಲ್ಲ. ಕುಸುಬೆಗೆ ಮುಳ್ಳು, ದನ ನುಗ್ಗುವುದಿಲ್ಲ. ಇದೇ ಫೆಬ್ರುವರಿಯಲ್ಲಿ ಕಿರವತ್ತಿಯ ಸಾಗವಾನಿ ಎಲೆ ಉದುರಿಸಿ ಬೋಳಾಗುತ್ತಿರುತ್ತದೆ. ಕಾಡು ಬೂದಿಬಣ್ಣಕ್ಕೆ ತಿರುಗಿದಾಗ ಬಯಲಿನಲ್ಲಿ ಸೀತನಿ ಸುಡುವ ಹೊಗೆ ಎದ್ದಿರುತ್ತದೆ.

ಸುಗ್ಗಿಯ ದಿನಗಳಲ್ಲಿ ಹೊಲವೇ ರಸ್ತೆಗೆ ಬರುತ್ತದೆ. ಕಿತ್ತ ಬೆಳೆಯನ್ನು ಡಾಂಬರಿನ ಮೇಲೆ ಹರವಿ, ಹಾಯುವ ಗಾಡಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ರೂಢಿ ನಮ್ಮ ಕಡೆ ಇದೆ. ಬಸ್ಸು ಅದರ ಮೇಲೆ ಹಾಯುವಾಗ ಚರಚರ ಸದ್ದು, ಕಿಟಕಿಯೊಳಗೆ ಹೊಟ್ಟಿನ ವಾಸನೆ. ಬೈಕಿನವರಿಗೆ ಅದು ಜಾರಿ ಬೀಳಿಸುವ ಅಪಾಯ, ಅದನ್ನು ಚಂದವೆಂದು ಹೊಗಳಲು ನನಗೆ ಮನಸ್ಸಿಲ್ಲ.

ಆಕಾಶದ ಮಾತು ಬೇರೆಯೇ. ಕಾಡಿನ ರಸ್ತೆಯಲ್ಲಿ ಅದು ತಲೆಯ ಮೇಲಿನ ಒಂದು ಪಟ್ಟಿ. ಇಲ್ಲಿ ಕಾಣುವ ನೋಟದ ಅರ್ಧಕ್ಕೂ ಹೆಚ್ಚು ಅದೇ. ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ಮೋಡ ನೆಲ ಕಾದು ಎದ್ದದ್ದು. ಹತ್ತು ಕಿ.ಮೀ.ಗೂ ಮಿಕ್ಕಿ ಎತ್ತರಕ್ಕೆ ಗೋಪುರ ಕಟ್ಟಿ, ತಲೆಯ ಭಾಗ ಒಂದು ಕಡೆಗೆ ಚಪ್ಪಟೆಯಾಗಿ ಹರಡುತ್ತದೆ. ಮಧ್ಯಾಹ್ನ ಮೂರರ ಬಸ್ಸಿನಲ್ಲಿ ಹೋದರೆ ಅದರ ಕೆಳಗೆ ಮಳೆಯ ಕಾಲು ಇಳಿದದ್ದು, ಅದು ಯಾವ ಊರನ್ನು ತೋಯಿಸುತ್ತಿದೆ ಎನ್ನುವುದು, ನಮ್ಮ ಕಡೆ ಬರುವುದೋ ಇಲ್ಲವೋ ಎನ್ನುವುದು ಎಲ್ಲ ಕಾಣುತ್ತದೆ. ‘ಈ ಸಲ ನಮಗಿಲ್ಲ, ಅತ್ತಾಗ ಹೋತು’ ಎಂದು ಬಸ್ಸಿನಲ್ಲಿ ಯಾರೋ ಹೇಳಿದರೆ ಎಲ್ಲರೂ ಆ ಕಿಟಕಿಗೆ ತಿರುಗುತ್ತಾರೆ. ಕಾಡಿನಲ್ಲಿ ಮಳೆ ಮೈಮೇಲೆ ಬಿದ್ದ ಮೇಲೆಯೇ ಗೊತ್ತಾಗುವುದು.

ಇಷ್ಟು ಹೇಳಿ ಘಟ್ಟವನ್ನು ಹೀಯಾಳಿಸಿದರೆ ತಪ್ಪಾದೀತು. ಯಲ್ಲಾಪುರದಾಚೆಯ ಅರಬೈಲ್ ಘಟ್ಟದ ದಾರಿ ನಿಜಕ್ಕೂ ಚಂದದ್ದು. ಆ ಚಂದಕ್ಕೂ ನಮ್ಮ ಎರೆ ಹೊಲಕ್ಕೂ ಹಳೆಯ ನಂಟಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಮುಂಬೈ, ಮ್ಯಾಂಚೆಸ್ಟರ್‌ಗಳಲ್ಲಿ ಬೇಡಿಕೆ ಇತ್ತು. ಅದು ಎತ್ತಿನ ಮೇಲೆ, ಚಕ್ಕಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ ಹಡಗು ಹತ್ತುತ್ತಿತ್ತು. ಹೀಗಾಗಿ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು ಬಿತ್ತು. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ ಎನ್ನುವುದು ಕೊಳ್ಳುವವರಿಗೆ ಬೇಕಾಗಿರಲಿಲ್ಲ. 1860ರ ದಶಕದ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಬರುವುದು ನಿಂತಾಗ ನಮ್ಮ ಹತ್ತಿಯ ಬೆಲೆ ಏರಿತು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಕಿತ್ತು ಮುಂಬೈ ಆಡಳಿತಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರನ್ನು ಬೆಳೆಸಿ ಈ ಹತ್ತಿಗೆ ಬಾಗಿಲು ಮಾಡುವ ಲೆಕ್ಕವಿತ್ತು. ಇಂದು ನಾವು ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುವ ಘಟ್ಟದ ರಸ್ತೆಗಳಿಗೆ ಬೆನ್ನೆಲುಬಾಗಿ ನಿಂತದ್ದು ಹೆಬ್ಬಳ್ಳಿ, ನವಲಗುಂದದಂಥ ಊರುಗಳ ಅಂಡಿಗೆಗಳು. 1880ರ ದಶಕದಲ್ಲಿ ಈ ಸೀಮೆಗೆ ರೈಲು ಬಂದ ಮೇಲೆ ಹತ್ತಿ ಹಳಿ ಹಿಡಿದು ಬೇರೆ ಬಂದರಿಗೆ ಹೋಯಿತು, ರಸ್ತೆ ಉಳಿಯಿತು.

ಘಟ್ಟವನ್ನು ನೋಡುವಂತೆ ಮಾಡುವುದು ನಾವು ಬಯ್ಯುವ ಲಾರಿಗಳೇ. ಅರಬೈಲಿನ ತಿರುವಿನಲ್ಲಿ ಲೋಡ್ ಲಾರಿಯ ಹಿಂದೆ ಸಿಕ್ಕಿಬಿದ್ದ ಬಸ್ಸು ಇಪ್ಪತ್ತಕ್ಕಿಂತ ಮೇಲೇಳುವುದಿಲ್ಲ. ಆಗ ಕಣ್ಣು ಹತ್ತು ಮೀಟರಿನಾಚೆಯ ಎಲೆಯನ್ನೂ ಹಿಡಿಯುತ್ತದೆ. ಬಂಡೆಯಿಂದ ಜಿನುಗುವ ನೀರು, ಅದಕ್ಕೆ ಅಂಟಿದ ಪಾಚಿ, ಬೈನೆ ಮರದ ಜೋತ ಗೊಂಚಲು ಆಗ ಕಾಣುತ್ತವೆ. ಡ್ರೈವರು ಓವರ್‌ಟೇಕ್ ಮಾಡಿದೊಡನೆ ಅವೆಲ್ಲ ಹೋದವು. ವಾಂತಿಯ ಭಯದವರು ಈ ಹೊತ್ತಿನಲ್ಲಿ ತಲೆ ಬಗ್ಗಿಸಿ ಲಿಂಬೆಹಣ್ಣು ಮೂಸುತ್ತಾರೆ. ಲಿಂಬೆಯ ಗುಣ ಲಿಂಬೆಗಿರಲಿ. ತೊಂದರೆ ಬರುವುದು ಒಳಕಿವಿ ‘ತಿರುಗುತ್ತಿದ್ದೇವೆ’ ಎನ್ನುವಾಗ ಕಣ್ಣು ಎದುರಿನ ಸೀಟನ್ನೇ ನೋಡುತ್ತ ‘ಇಲ್ಲ’ ಎನ್ನುವುದರಿಂದ. ಮುಂದಿನ ಸಾಲಿನಲ್ಲಿ ಕೂತು ರಸ್ತೆ ತಿರುಗುವ ದಿಕ್ಕಿಗೆ ದೂರ ನೋಡಿದರೆ ಇಬ್ಬರ ಜಗಳ ಬಹುಮಟ್ಟಿಗೆ ತೀರುತ್ತದೆ. ಮೊಬೈಲು ನೋಡಿದರೆ ಜಗಳ ಹೆಚ್ಚುತ್ತದೆ. ಮಳೆ ಜೋರಾಗಿದ್ದರೆ ಹೋಗದಿರುವುದೇ ಲೇಸು. 2021ರ ಜುಲೈ ಮಳೆಗೆ ಈ ಘಟ್ಟದಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು.

ಡ್ರೈವಿಂಗ್ ಸೀಟಿನಲ್ಲಿರುವವರಿಗೆ ಈ ಯಾವ ನೋಟವೂ ಇಲ್ಲ, ಇರಲೂಬಾರದು. ಎಂಬತ್ತರಲ್ಲಿ ಎರಡು ಸೆಕೆಂಡ್ ಪಕ್ಕಕ್ಕೆ ನೋಡಿದರೆ ಕಾರು 44 ಮೀಟರ್ ಕುರುಡಾಗಿ ಓಡಿರುತ್ತದೆ. ನಮ್ಮ ಅವಳಿ ನಗರದ ಬೈಪಾಸ್ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನರೇಂದ್ರದಿಂದ ಗಬ್ಬೂರಿನವರೆಗೆ ಆಗ ಇಕ್ಕಟ್ಟಾಗಿದ್ದ ಆ ರಸ್ತೆಯಲ್ಲಿ, 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ದಾವಣಗೆರೆಯಿಂದ ಗೋವಾ ಪ್ರವಾಸಕ್ಕೆ ಹೊರಟಿದ್ದ ಗೆಳತಿಯರ ಗುಂಪು ಅಪಘಾತಕ್ಕೀಡಾದದ್ದನ್ನು ಊರು ಮರೆತಿಲ್ಲ. ಆ ಬೈಪಾಸನ್ನು ಅಗಲ ಮಾಡಬಾರದು, ನೋಟ ಕೆಡುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಅವರ ಪಕ್ಷವಲ್ಲ. ರಸ್ತೆ ಅಗಲವಾಗಲಿ. ಆದರೆ ಅಗಲವಾದ ಮೇಲೆ ನೆರಳಿನ ಮರ ಮತ್ತೆ ನೆಡುವುದು, ಬಯಲಿನ ಕಡೆಗೂ ಗಾಡಿ ನಿಲ್ಲಿಸಿ ಇಳಿಯಲು ನಾಲ್ಕು ಮಾರು ಜಾಗ ಬಿಡುವುದು ಎಂಜಿನಿಯರುಗಳಿಗೆ ಆಗದ ಕೆಲಸವೇನಲ್ಲ. ಘಟ್ಟದಲ್ಲಿ ‘ವ್ಯೂ ಪಾಯಿಂಟ್’ ಬೋರ್ಡು ಹಾಕುತ್ತೇವೆ. ನವಲಗುಂದದ ಗುಡ್ಡ ಸಮತಟ್ಟು ನೆಲದಲ್ಲಿ ಒಂಟಿಯಾಗಿ ಏಳುವ ಕಡೆ, ಗದಗ ರಸ್ತೆಯಲ್ಲಿ ಅಣ್ಣಿಗೇರಿಯಾಚೆ ಕಪ್ಪತಗುಡ್ಡದ ನೀಲಿ ಗೆರೆ ಗಾಳಿಗಿರಣಿಗಳ ಸಮೇತ ಕಾಣತೊಡಗುವ ಕಡೆ ಯಾರೂ ಒಂದು ಕಲ್ಲುಬೆಂಚನ್ನೂ ಹಾಕಿಲ್ಲ. ಇನ್ನು ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ತ್ವರಿತ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟಿದ್ದೇವೆ. ಚಿಗರಿ ಬಯಲಿನ ಪ್ರಾಣಿ. ನವಲಗುಂದ, ಗದಗ ಕಡೆಯ ಎರೆ ಹೊಲಗಳಲ್ಲಿ ರೈತರಿಂದ ಬೈಸಿಕೊಳ್ಳುತ್ತ ಇನ್ನೂ ಇದೆ. ಆ ಬಸ್ಸಿನ ಏಸಿ ಗಾಜಿನಾಚೆ ಮಾತ್ರ ಕಾಣುವುದು ಬ್ಯಾರಿಕೇಡು, ಶೋರೂಮು.

ಸೀಟು ಹಿಡಿಯುವವರಿಗೆ ಒಂದೆರಡು ಮಾತು. ಹೆಬ್ಬಳ್ಳಿ ಕಡೆಗೆ ಹೋಗುವುದಾದರೆ ಮಧ್ಯಾಹ್ನದ ಮೇಲೆ ಹೊರಡಬೇಕು. ಸೂರ್ಯ ಬೆನ್ನಿಗಿದ್ದರೆ ಮುಂದಿನ ಸೀಮೆಯೆಲ್ಲ ಬೆಳಗಿರುತ್ತದೆ. ಬೆಳಿಗ್ಗೆ ಹೋದರೆ ಬಿಸಿಲು ಮುಖಕ್ಕೆ ಹೊಡೆದು ಎಲ್ಲವೂ ಬಿಳುಚಿಕೊಳ್ಳುತ್ತದೆ. ಯಲ್ಲಾಪುರದ ದಾರಿಗೆ ಇದು ಉಲ್ಟಾ, ಅತ್ತ ಬೆಳಿಗ್ಗೆಯೇ ಹೋಗಬೇಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಹೆಬ್ಬಳ್ಳಿ ಬಸ್ಸಿನ ಎಡಗಡೆಯ ಕಿಟಕಿಗೆ ನೆರಳೂ ಇದೆ, ಒಳ್ಳೆಯ ಬೆಳಕಿನ ನೋಟವೂ ಇದೆ. ಬಲಗಡೆಯವರು ಪರದೆ ಎಳೆಯಲು ಹುಡುಕುತ್ತಿರುತ್ತಾರೆ, ಹಳ್ಳಿ ಬಸ್ಸಿಗೆ ಪರದೆ ಎಲ್ಲಿಯದು. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಆಗ ಬಲಗಡೆ ಕೂರಬೇಕು. ಸೋಮವಾರ ಮುಂಜಾನೆ ಮತ್ತು ಶಾಲೆ ಬಿಡುವ ಹೊತ್ತಿನಲ್ಲಿ ಮಾತ್ರ ಎಡವೂ ಇಲ್ಲ ಬಲವೂ ಇಲ್ಲ, ಸಿಕ್ಕ ಕಂಬಿ ಹಿಡಿದು ನಿಲ್ಲಬೇಕಷ್ಟೇ.